ಪೇಪರ್ ಸುಳ್ಳು ಅಂತ ದೂರು ಬಂದರೆ ಜರ್ನಲ್ ಸಂಪಾದಕರ ಹೊಣೆ ಎಲ್ಲಿಂದ ಎಲ್ಲಿವರೆಗೆ?

ಕರಡು_ತಿದ್ದು (ಪ್ರಶ್ನೆ)

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದಡಾರ-ಮಂಗನಬಾವು-ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ವೇಕ್‌ಫೀಲ್ಡ್ ಪೇಪರ್ ಬಂದದ್ದು 1998ರ ಫೆಬ್ರುವರಿಯಲ್ಲಿ, ಪೂರ್ತಿ ಹಿಂತೆಗೆದದ್ದು 2010ರ ಫೆಬ್ರುವರಿಯಲ್ಲಿ. ನೋಡಿದ್ದು 12 ಮಕ್ಕಳನ್ನು, ತೆಗೆಯಲು ಹಿಡಿದದ್ದು 12 ವರ್ಷ. ಅಷ್ಟರಲ್ಲಿ ಲಸಿಕೆಯ ಭಯ ದೇಶ ದಾಟಿ ಹೋಗಿತ್ತು. ಇನ್ನೊಂದು ಕೋವಿಡ್ ಕಾಲದ್ದು: ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿಯಿಂದ ಅಪಾಯ ಹೆಚ್ಚು ಅಂತ ಸರ್ಜಿಸ್ಫಿಯರ್ ಕಂಪನಿಯ ಡೇಟಾ ಹಿಡಿದು ಹೇಳಿದ ಪೇಪರ್. 2020ರ ಮೇ 22ಕ್ಕೆ ಪ್ರಕಟ, ಜೂನ್ 4ಕ್ಕೆ ವಾಪಸ್. ಪತ್ರಿಕೆ ಅದೇ, ಪ್ರಧಾನ ಸಂಪಾದಕರೂ ಅವರೇ.

ಎರಡರ ನಡುವೆ ಏನು ಬದಲಾಯಿತು? "ಸಂಪಾದಕ ಪೊಲೀಸ್ ಅಲ್ಲ" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಹಾಗಾದರೆ ಯಾರು? ದೂರು ಕೈಗೆ ಬಂದ ದಿನದಿಂದ ಸಂಪಾದಕರು ನಿಜವಾಗಿ ಏನೇನು ಮಾಡಬಹುದು ಅಂತ ಬಲ್ಲವರು ಬರೆಯಿರಿ.

ಮಲೆನಾಡ_ಮಳೆ

ಮೊದಲು ಒಂದು ತಿದ್ದುಪಡಿ. 12 ವರ್ಷ ಸುಮ್ಮನೆ ಕೂತಿರಲಿಲ್ಲ. 2004ರಲ್ಲೇ ಹತ್ತು ಸಹಲೇಖಕರು ಆ ಪೇಪರಿನ ವ್ಯಾಖ್ಯಾನದಿಂದ ಹಿಂದೆ ಸರಿದಿದ್ದರು. ಪತ್ರಕರ್ತ ಬ್ರಯಾನ್ ಡೀರ್ ಹಣಕಾಸಿನ ನಂಟನ್ನು ಬಯಲಿಗೆ ತಂದ ಮೇಲೆ ಆದದ್ದು ಅದು. ಪೂರ್ತಿ ಹಿಂತೆಗೆಯಲು ಮಾತ್ರ ವೈದ್ಯರನ್ನು ನಿಯಂತ್ರಿಸುವ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ತೀರ್ಪು ಬರಲಿ ಅಂತ ಕಾದರು. ತೀರ್ಪು 2010ರ ಜನವರಿ ಕೊನೆಗೆ ಬಂತು, ಕೆಲವೇ ದಿನದಲ್ಲಿ ಪೇಪರ್ ಹೋಯಿತು.

ಕರಡು_ತಿದ್ದು

ಸರಿ ಸರ್, ಆದರೆ ನನ್ನ ತಕರಾರು ಇರುವುದೇ ಆ ಆರು ವರ್ಷದ ಕಾಯುವಿಕೆ ಬಗ್ಗೆ.

ದತ್ತಾಂಶ

ಸರ್ಜಿಸ್ಫಿಯರ್ ಬೇಗ ಬಿದ್ದದ್ದಕ್ಕೆ ಕಾರಣ ಸಂಪಾದಕರ ಚುರುಕುತನ ಅಂತ ಹೇಳಲಾರೆ. ಹೊರಗಿನವರು ಲೆಕ್ಕ ಹಾಕಿದರು. ಪೇಪರ್ ಹೇಳಿದ್ದು 96,032 ರೋಗಿಗಳು, 671 ಆಸ್ಪತ್ರೆಗಳು, ಆರು ಖಂಡ. ಆಸ್ಟ್ರೇಲಿಯಾದಲ್ಲಿ ಏಪ್ರಿಲ್ 21ರ ತನಕ 73 ಸಾವು ಅಂತ ಅದರಲ್ಲಿತ್ತು. ಅದೇ ದಿನಕ್ಕೆ ಇಡೀ ದೇಶದಲ್ಲಿ ದಾಖಲಾಗಿದ್ದ ಸಾವು 67. ದೇಶದ ಒಟ್ಟು ಲೆಕ್ಕಕ್ಕಿಂತ ಕೆಲವೇ ಆಸ್ಪತ್ರೆಗಳ ಲೆಕ್ಕ ಹೆಚ್ಚು! ಇದನ್ನು ಹಿಡಿಯಲು ಯಾವ ಸಾಫ್ಟ್‌ವೇರೂ ಬೇಡ.

ಮುಖ್ಯ ದೋಷ ಬೇರೆ ಕಡೆ ಇತ್ತು. ಕಚ್ಚಾ ಡೇಟಾ ಇದ್ದದ್ದು ಕಂಪನಿಯ ಕೈಯಲ್ಲಿ, ಆ ಕಂಪನಿಯ ಮುಖ್ಯಸ್ಥನೇ ಲೇಖಕರಲ್ಲೊಬ್ಬ. ಉಳಿದ ಮೂವರು ಅದನ್ನು ಕಣ್ಣಾರೆ ನೋಡಿರಲಿಲ್ಲ. ಸ್ವತಂತ್ರ ಆಡಿಟ್‌ಗೆ ಡೇಟಾ ಕೊಡುವುದಿಲ್ಲ ಅಂತ ಕಂಪನಿ ಹೇಳಿದ ಮೇಲೆ ಆ ಮೂವರೇ ಪೇಪರ್ ವಾಪಸ್ ಕೇಳಿದರು. ಅದೇ ಡೇಟಾ ಮೇಲೆ ನಿಂತಿದ್ದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪೇಪರೂ ಅದೇ ದಿನ ಹೋಯಿತು. ಇದಾದ ಮೇಲೆ ಲ್ಯಾನ್ಸೆಟ್ ನಿಯಮ ಬದಲಿಸಿತು: ಒಬ್ಬರಿಗಿಂತ ಹೆಚ್ಚು ಲೇಖಕರು ಡೇಟಾ ನೋಡಿ ಪರಿಶೀಲಿಸಿದ್ದೇವೆ ಅಂತ ಸಹಿ ಹಾಕಬೇಕು. 2020ರವರೆಗೆ ಈ ಒಂದು ಸಾಲು ಇರಲಿಲ್ಲ ಅನ್ನುವುದೇ ನನಗೆ ಸಂಕಟದ ವಿಷಯ.

ಗಿರಿಜಾ_ಬಯೋ

ಹಾನಿ ಏನಾಯಿತು ಅಂತಲೂ ಹೇಳಿ. ಆ ಪೇಪರ್ ನೋಡಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಹೈಡ್ರಾಕ್ಸಿಕ್ಲೋರೋಕ್ವಿನ್ ಭಾಗವನ್ನು ಮೇ 25ಕ್ಕೆ ನಿಲ್ಲಿಸಿತು, ಜೂನ್ 3ಕ್ಕೆ ಮತ್ತೆ ಶುರು ಮಾಡಿತು. ಔಷಧಿ ಕೊನೆಗೆ ಉಪಯೋಗವಿಲ್ಲ ಅಂತಲೇ ಆಯಿತು, ಅದು ಬೇರೆ ವಿಷಯ. ನಿಜವಾದ ಪ್ರಯೋಗವನ್ನು ಸುಳ್ಳು ಅಂಕಿ ನಿಲ್ಲಿಸಿತಲ್ಲ, ಕೆಟ್ಟದ್ದು ಅದು.

ಧಾರವಾಡ_ಪೇಡೆ

ಅಲ್ರೀ, ಬರೇ ಲ್ಯಾನ್ಸೆಟ್ ಯಾಕ ಹಿಡಕೊಂಡ ಕೂತೀರಿ? ಆ ಔಷಧದ ಹುಚ್ಚು ಎಬ್ಬಿಸಿದ ಫ್ರಾನ್ಸಿನ ಪೇಪರ್ ನೋಡ್ರಿ. 2020ರ ಮಾರ್ಚ್ 16ಕ್ಕ ಕೊಟ್ಟಾರ, 17ಕ್ಕ ಒಪ್ಪಿಗಿ ಸಿಕ್ಕದ. ಲೇಖಕರೊಳಗ ಒಬ್ಬರು ಅದೇ ಜರ್ನಲ್‌ನ ಪ್ರಧಾನ ಸಂಪಾದಕರು! ಔಷಧ ತಗೊಂಡ 26 ಮಂದಿಯೊಳಗ 6 ಮಂದಿನ್ನ ಲೆಕ್ಕದಿಂದ ಬಿಟ್ಟಾರ: ಮೂವರು ಐಸಿಯುಗೆ ಹೋದರು, ಒಬ್ಬರು ತೀರಿಕೊಂಡರು, ಒಬ್ಬರು ವಾಕರಿಕಿ ಬಂದು ಔಷಧ ಬಿಟ್ಟರು, ಒಬ್ಬರು ಆಸ್ಪತ್ರಿ ಬಿಟ್ಟು ಹೋದರು. ಇದನ್ನ ಪೇಪರಿನೊಳಗ ಅವರೇ ಬರದಾರ, ಮುಚ್ಚಿಟ್ಟಿದ್ದಲ್ಲ. ಓದಿದ ಯಾವ ರಿವ್ಯೂವರ್‌ಗೂ ಕಾಣಬೇಕಿತ್ತು. ವಾಪಸ್ ಆಗಿದ್ದು 2024ರ ಡಿಸೆಂಬರ್‌ಕ್ಕ.

ಮಲೆನಾಡ_ಮಳೆ

ಇದಕ್ಕೆ ಪರಿಹಾರ ಇದೆ. ಸಂಪಾದಕ ಮಂಡಳಿಯವರ ಪೇಪರ್ ಬಂದರೆ ಅವರ ಲಾಗಿನ್‌ಗೆ ಆ ಕಡತ ಕಾಣದಂತೆ ವ್ಯವಸ್ಥೆಯಲ್ಲೇ ಬೀಗ ಹಾಕಬೇಕು. ಬೇರೆ ಸಂಸ್ಥೆಯ ಸಹಸಂಪಾದಕರು ನಡೆಸಬೇಕು, ಯಾರು ನಡೆಸಿದರು ಅಂತ ಪ್ರಕಟವಾದ ಪುಟದಲ್ಲೇ ಅಚ್ಚಾಗಬೇಕು. "ನಾನು ದೂರ ಇದ್ದೆ" ಅನ್ನುವ ಬಾಯಿಮಾತು ಸಾಲದು.

ಸಂಖ್ಯಾ_ಪ್ರಿಯೆ

ದೂರು ಬಂದ ಮೇಲೆ ಏನು ಅಂತ ಕೇಳಿದ್ದೀರಿ. ನಾನು ಅದಕ್ಕೆ ಮುಂಚಿನದನ್ನು ಹೇಳುತ್ತೇನೆ, ಯಾಕೆಂದರೆ ಪ್ರಕಟವಾದ ಮೇಲೆ ಹಿಡಿಯುವುದು ಹತ್ತು ಪಟ್ಟು ಕಷ್ಟ.

ಅರಿವಳಿಕೆ ವಿಷಯದ 'ಅನಸ್ತೀಶಿಯಾ' ಜರ್ನಲ್‌ನ ಸಂಪಾದಕರಲ್ಲೊಬ್ಬರಾದ ಜಾನ್ ಕಾರ್ಲೈಲ್, 2017ರ ಫೆಬ್ರುವರಿಯಿಂದ 2020ರ ಮಾರ್ಚ್‌ವರೆಗೆ ತಮಗೆ ಬಂದ 526 ಪ್ರಯೋಗಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಬರೀ ಸರಾಸರಿ ಕೋಷ್ಟಕ ಮಾತ್ರ ಇದ್ದ 373ರಲ್ಲಿ ಸುಳ್ಳು ಡೇಟಾ ಸಿಕ್ಕಿದ್ದು ಶೇ. 2. ಒಬ್ಬೊಬ್ಬ ರೋಗಿಯ ಸಾಲುಸಾಲು ಡೇಟಾ ಇದ್ದ ಎಕ್ಸೆಲ್ ಕಡತ ಕೈಗೆ ಬಂದ 153ರಲ್ಲಿ ಶೇ. 44! ಕಡತ ತೆರೆದರೆ ಏನು ಕಾಣುತ್ತದೆ ಗೊತ್ತೇ? 20ನೇ ಸಾಲಿನಿಂದ 35ನೇ ಸಾಲಿನವರೆಗಿನ ಅಂಕಿಗಳು 60ರಿಂದ 75ರಲ್ಲಿ ಹಾಗೇ ಮರುಕಳಿಸಿರುತ್ತವೆ. ಕೊನೆಯ ಅಂಕೆ 0ಯಿಂದ 9ರವರೆಗೆ ಹೆಚ್ಚುಕಡಿಮೆ ಸಮನಾಗಿ ಹರಡಬೇಕಾದ ಕಡೆ ಒಂದೆರಡೇ ಅಂಕೆ ತುಂಬಿರುತ್ತವೆ.

ದತ್ತಾಂಶ

ಒಂದು ಎಚ್ಚರಿಕೆ ಮೇಡಂ. ಆ 153 ಎತ್ತಿಕೊಂಡದ್ದು ಯಾದೃಚ್ಛಿಕವಾಗಿ ಅಲ್ಲ. ಮೊದಮೊದಲು ಅನುಮಾನ ಬಂದವುಗಳ ಕಡತವನ್ನೇ ಕೇಳಿದ್ದರು, ಆಮೇಲೆ ಕೆಲವು ದೇಶಗಳಿಂದ ಬಂದವುಗಳದ್ದನ್ನೆಲ್ಲ ಕೇಳಿದರು, ಅದರಲ್ಲಿ ಭಾರತವೂ ಇತ್ತು. ಹಾಗಾಗಿ "ಲೋಕದ ಪ್ರಯೋಗಗಳಲ್ಲಿ ಶೇ. 44 ಸುಳ್ಳು" ಅಂತ ಯಾರೂ ವಾಟ್ಸಾಪ್‌ನಲ್ಲಿ ಹಾಕಬೇಡಿ. ಅದೂ ಒಂದು ಸುಳ್ಳು ಸುದ್ದಿಯಾದೀತು.

ಸಂಖ್ಯಾ_ಪ್ರಿಯೆ

ಒಪ್ಪಿದೆ. ನಾನು ಹೇಳಬೇಕಾದದ್ದು ಇಷ್ಟೇ: ಕಡತ ಕೇಳದಿದ್ದರೆ ಏನೂ ಕಾಣುವುದಿಲ್ಲ. ಕೇಳುವುದಾದರೆ ಎಲ್ಲ ದೇಶದವರನ್ನೂ ಕೇಳಲಿ. ಸಲ್ಲಿಸುವ ದಿನವೇ, ಹೆಸರು-ವಿಳಾಸ ತೆಗೆದ ಕಡತವನ್ನು ಕಡ್ಡಾಯ ಮಾಡಿದರೆ ಅರ್ಧ ಕಸ ಆ ಬಾಗಿಲಲ್ಲೇ ನಿಲ್ಲುತ್ತದೆ.

ಕಡತ ಇಲ್ಲದೆಯೂ ಮಾಡಬಹುದಾದ ಪರೀಕ್ಷೆ ಒಂದಿದೆ, ಗ್ರಿಮ್ ಅನ್ನುತ್ತಾರೆ. ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ ರೂಪಿಸಿದ್ದು. 25 ಜನರಿಗೆ 1ರಿಂದ 7ರವರೆಗೆ ಪೂರ್ಣಾಂಕದಲ್ಲಿ ಉತ್ತರ ಕೇಳಿದ್ದಾರೆ, ಸರಾಸರಿ 3.47 ಅಂತ ಬರೆದಿದ್ದಾರೆ ಅನ್ನಿ. ಒಟ್ಟು ಮೊತ್ತ 86 ಆದರೆ ಸರಾಸರಿ 3.44, 87 ಆದರೆ 3.48. ನಡುವೆ 3.47 ಹುಟ್ಟುವುದೇ ಇಲ್ಲ. ಕ್ಯಾಲ್ಕುಲೇಟರ್ ಇದ್ದರೆ ಅರ್ಧ ನಿಮಿಷದ ಕೆಲಸ. ಜನರ ಸಂಖ್ಯೆ 100 ದಾಟಿದರೆ ಎರಡು ದಶಮಾಂಶದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಅದು ನೆನಪಿರಲಿ. ಅಚ್ಚಿನ ತಪ್ಪೂ ಆಗಿರಬಹುದು, ಹಾಗಾಗಿ ಮೊದಲು ಲೇಖಕರನ್ನು ಕೇಳಬೇಕು. ಆದರೆ ಒಂದೇ ಕೋಷ್ಟಕದಲ್ಲಿ ಐದಾರು ಕಡೆ ಹೀಗಾದರೆ ಅಚ್ಚಿನ ತಪ್ಪು ಅನ್ನಲಾಗದು.

ಪುಟ_ತಿರುವು

ಗ್ರಿಮ್ ಇವತ್ತೇ ಹಾಕಿ ನೋಡ್ತೀನಿ. ಧನ್ಯವಾದ ಮೇಡಂ.

ಗಿರಿಜಾ_ಬಯೋ

ಚಿತ್ರಗಳ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮ ಜೀವಶಾಸ್ತ್ರದಲ್ಲಿ ಮೋಸ ಹೆಚ್ಚಾಗಿ ನಡೆಯುವುದು ಅಲ್ಲೇ. ಎಲಿಸಬೆತ್ ಬಿಕ್ ಮತ್ತು ಜೊತೆಗಾರರು 40 ಜರ್ನಲ್‌ಗಳ 20,621 ಪೇಪರ್ ಕಣ್ಣಲ್ಲೇ ನೋಡಿ 2016ರಲ್ಲಿ ಬರೆದರು: ಶೇ. 3.8ರಲ್ಲಿ ದೋಷವಿದ್ದ ಚಿತ್ರ, ಅವುಗಳಲ್ಲಿ ಕಡಿಮೆಯೆಂದರೆ ಅರ್ಧದಷ್ಟು ಬೇಕಂತಲೇ ಮಾಡಿದಂತೆ ಕಾಣುವಂಥವು. ಜರ್ನಲ್ ಆಫ್ ಸೆಲ್ ಬಯಾಲಜಿ 2002ರಿಂದಲೇ ಒಪ್ಪಿಗೆಯಾದ ಪ್ರತಿ ಪೇಪರಿನ ಪ್ರತಿ ಚಿತ್ರವನ್ನೂ ಪರೀಕ್ಷಿಸುತ್ತಿತ್ತು. ಅಂದರೆ ದಾರಿ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ, ಉಳಿದವರು ಖರ್ಚು ಮಾಡಲಿಲ್ಲ.

ಮಾಡುವ ವಿಧಾನ ಸರಳ. ಪ್ರೋಟೀನ್‌ಗಳನ್ನು ಪಟ್ಟಿಗಳಾಗಿ (ಬ್ಯಾಂಡ್) ತೋರಿಸುವ ವೆಸ್ಟರ್ನ್ ಬ್ಲಾಟ್ ಚಿತ್ರದ ಬ್ರೈಟ್‌ನೆಸ್ ಕಾಂಟ್ರಾಸ್ಟ್ ಎರಡನ್ನೂ ತುದಿಗೆ ಎಳೆಯಿರಿ. ಬಿಳಿ ಹಿನ್ನೆಲೆಯಲ್ಲಿ ನೆಟ್ಟಗಿನ ಗೆರೆ ಕಂಡರೆ ಬೇರೆ ಕಡೆಯ ಪಟ್ಟಿ ತಂದು ಅಂಟಿಸಿರಬಹುದು. ಹಿನ್ನೆಲೆಯ ಕಾಳುಕಾಳು ಎಲ್ಲೋ ಒಂದು ಚೌಕದಲ್ಲಿ ಮಾತ್ರ ನುಣ್ಣಗಾಗಿದ್ದರೆ ಏನೋ ಅಳಿಸಿರಬಹುದು. ಎರಡು ಬ್ಯಾಂಡ್ ಒಂದೇ ಥರ ಅನ್ನಿಸಿದರೆ ಒಂದನ್ನು ಅಡ್ಡಡ್ಡ ತಿರುಗಿಸಿ, 180 ಡಿಗ್ರಿ ತಿರುಗಿಸಿ, ಇನ್ನೊಂದರ ಮೇಲೆ ಕೂರಿಸಿ ನೋಡಿ. ಆಮೇಲೆ ಕತ್ತರಿಸದ ಪೂರ್ತಿ ಬ್ಲಾಟ್, ಮಾರ್ಕರ್ ಸಮೇತ, ಯಂತ್ರದಿಂದ ಬಂದ ಮೂಲ ಕಡತವನ್ನೇ ಕೇಳಬೇಕು. ಪವರ್‌ಪಾಯಿಂಟ್‌ನಲ್ಲಿ ಹಾಕಿ ಕಳಿಸಿದರೆ ಒಪ್ಪಬೇಡಿ. ಮೂಲ ಕಡತದಲ್ಲಿ ತೆಗೆದ ದಿನಾಂಕ, ಎಕ್ಸ್‌ಪೋಶರ್ ಎಲ್ಲ ಇರುತ್ತದೆ, ಪವರ್‌ಪಾಯಿಂಟ್ ಅದನ್ನು ತಿಂದುಹಾಕುತ್ತದೆ.

ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಪ್ರಕರಣ ಗೊತ್ತಿರಬಹುದು. 2020ರಲ್ಲಿ ನೇಚರ್ ಕೆಮಿಕಲ್ ಬಯಾಲಜಿಯಲ್ಲಿ ಬಂದ ಪೇಪರಿನ ಚಿತ್ರಗಳ ಬಗ್ಗೆ ಪ್ರಕಟವಾದ ಪೇಪರ್‌ಗಳನ್ನು ಚರ್ಚಿಸುವ ಪಬ್‌ಪಿಯರ್ ತಾಣದಲ್ಲಿ ಆಕ್ಷೇಪ ಎದ್ದವು, ಸಂಸ್ಥೆ ತನಿಖೆ ಮಾಡಿತು, 2021ರಲ್ಲಿ ಪೇಪರ್ ವಾಪಸ್ ಆಯಿತು. ಒಂದು ವರ್ಷದೊಳಗೆ. ಸಂಸ್ಥೆ ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ ಅನ್ನುವುದಕ್ಕೆ ನಮ್ಮೂರಿನದೇ ಉದಾಹರಣೆ.

ಬಯಲು_ಗಾಳಿ

ಸಂಸ್ಥೆ ಮನಸ್ಸು ಮಾಡದಿದ್ದರೆ?

ಬಿಎಂಜೆ 1992ರಲ್ಲಿ ಮೊರಾದಾಬಾದಿನ ಒಂದು ಆಹಾರ-ಹೃದ್ರೋಗ ಪ್ರಯೋಗ ಪ್ರಕಟಿಸಿತು. ಅದಾಗಿ ಸ್ವಲ್ಪ ಕಾಲಕ್ಕೇ ಅನುಮಾನ ಬಂತು. ಮೂಲ ದಾಖಲೆ ಕೇಳಿದರು, ಸರಿಯಾದ ಉತ್ತರ ಸಿಗಲಿಲ್ಲ. ತನಿಖೆ ಮಾಡಿ ಅಂತ ಕೇಳೋಣವೆಂದರೆ ಲೇಖಕರ ಮೇಲೆ ಅಧಿಕಾರ ಇರುವ ಸಂಸ್ಥೆಯೇ ಸಿಗಲಿಲ್ಲ. ಕೊನೆಗೆ 2005ರ ಜುಲೈಯಲ್ಲಿ, ಈ ಪೇಪರ್ ಬಗ್ಗೆ ಅನುಮಾನ ಇದೆ ಅಂತ ಓದುಗರನ್ನು ಎಚ್ಚರಿಸುವ "ಕಳವಳದ ಪ್ರಕಟಣೆ" ಹಾಕಿದರು. 13 ವರ್ಷ. ಅಷ್ಟರಲ್ಲಿ ಆ ಪೇಪರ್ ಎಷ್ಟು ಆಹಾರ ಸಲಹೆಗಳೊಳಗೆ ಇಳಿದಿರಬೇಕು! ಅಮೆರಿಕಕ್ಕೆ ಸಂಶೋಧನಾ ಪ್ರಾಮಾಣಿಕತೆಯ ಸರಕಾರಿ ಕಚೇರಿ ಇದೆ. ನಮ್ಮಲ್ಲಿ ಕಾನೂನಿನ ಬಲ ಇರುವ ಅಂಥ ರಾಷ್ಟ್ರೀಯ ಸಂಸ್ಥೆ ಇಲ್ಲ. ಆರೋಪಿಯ ಕಾಲೇಜೇ ಆರೋಪಿಯನ್ನು ವಿಚಾರಿಸಬೇಕು.

ಕರಡು_ತಿದ್ದು

ಇದೇ ನನ್ನ ಪ್ರಶ್ನೆಯ ತಿರುಳು. ಸಂಸ್ಥೆ ಉತ್ತರವನ್ನೇ ಕೊಡದಿದ್ದರೆ ಸಂಪಾದಕ ಎಷ್ಟು ದಿನ ಕಾಯಬೇಕು?

ಮಲೆನಾಡ_ಮಳೆ

ಕೋಪ್ ಸಮಿತಿಯ ಮಾರ್ಗಸೂಚಿ ಇದೆಯಲ್ಲ, ಪ್ರಕಟಣಾ ನೀತಿಗಾಗಿ 1997ರಲ್ಲಿ ಬ್ರಿಟನ್ನಿನಲ್ಲಿ ಸಂಪಾದಕರೇ ಕಟ್ಟಿದ್ದು. ಅದರ ಕ್ರಮ ಹೀಗೆ: ದೂರಿನಲ್ಲಿ ನಿರ್ದಿಷ್ಟ ಆಧಾರ ಇದೆಯೇ ನೋಡು. ದೂರು ಕೊಟ್ಟವರು ಹೆಸರು ಹೇಳದಿದ್ದರೂ ಪರವಾಗಿಲ್ಲ, ಯಾವ ಚಿತ್ರ ಯಾವ ಸಾಲು ಅಂತ ಹೇಳಿದರೆ ಸಾಕು. ಲೇಖಕರಿಗೆ ಬರೆ, ಮೂಲ ಡೇಟಾ ಕೇಳು. ಉತ್ತರ ಸಮಾಧಾನ ತರದಿದ್ದರೆ ಎಲ್ಲ ಸಹಲೇಖಕರಿಗೂ ಬರೆ, ಸಂಸ್ಥೆಗೆ ಬರೆ. ಸಂಸ್ಥೆ ಮೌನವಾದರೆ 3ರಿಂದ 6 ತಿಂಗಳಿಗೊಮ್ಮೆ ಮತ್ತೆ ಬರೆ.

ಇಲ್ಲಿ ಎಲ್ಲರೂ ಎಡವುವುದು ಎರಡು ಕಡೆ. ಮುಖ್ಯ ಲೇಖಕರಿಗೆ ಮಾತ್ರ ಬರೆಯುತ್ತಾರೆ. ತಪ್ಪು ಮಾಡಿದವರು ಅವರೇ ಆಗಿದ್ದರೆ ಉಳಿದವರಿಗೆ ಸುದ್ದಿಯೇ ತಲುಪುವುದಿಲ್ಲ. ಇನ್ನೊಂದು, ಸಂಸ್ಥೆಯಲ್ಲಿ ಲೇಖಕರ ವಿಭಾಗದ ಮುಖ್ಯಸ್ಥರಿಗೇ ಬರೆಯುತ್ತಾರೆ, ಅವರು ಅದೇ ಪೇಪರಿನ ಸಹಲೇಖಕರಾಗಿರುತ್ತಾರೆ. ಕುಲಸಚಿವರಿಗೋ ನಿರ್ದೇಶಕರಿಗೋ ನೇರ ಬರೆಯಬೇಕು.

ಬಯಲು_ಗಾಳಿ

ಸರ್, 3ರಿಂದ 6 ತಿಂಗಳಿಗೊಮ್ಮೆ ಪತ್ರ ಬರೆಯುತ್ತಾ ಕೂತರೆ ಓದುಗನ ಗತಿ ಏನು? ಔಷಧಿಯ ಪೇಪರ್ ಆದರೆ ಆ ಅವಧಿಯಲ್ಲಿ ರೋಗಿಗಳಿಗೆ ಚೀಟಿ ಬರೆಯುತ್ತಲೇ ಇರುತ್ತಾರೆ. ತನಿಖೆ ಸಂಸ್ಥೆಯ ಕೆಲಸ, ಒಪ್ಪುತ್ತೇನೆ. ಓದುಗನಿಗೆ ಎಚ್ಚರ ಹೇಳುವುದು ಮಾತ್ರ ಸಂಪಾದಕರದೇ ಕೆಲಸ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಮೂಲ ಡೇಟಾ ಕೇಳಿ ಗಡುವು ಮುಗಿದ ದಿನವೇ ಕಳವಳದ ಪ್ರಕಟಣೆ ಹಾಕಲಿ.

ಮಲೆನಾಡ_ಮಳೆ

ಅಷ್ಟು ಅವಸರ ಸರಿಯಲ್ಲ. ಕಳವಳದ ಪ್ರಕಟಣೆ ಬಂದರೆ ನಿರಪರಾಧಿ ವಿದ್ಯಾರ್ಥಿಯ ಬದುಕೂ ಹೋಗುತ್ತದೆ. ಹಳೆಯ ಪೇಪರ್ ಆದರೆ ಹಾರ್ಡ್ ಡಿಸ್ಕ್ ಕೆಟ್ಟಿರುವುದೂ ನಿಜವೇ ಇರಬಹುದು.

ಸಂಖ್ಯಾ_ಪ್ರಿಯೆ

ಅದಕ್ಕೇ ಅದನ್ನು ಬರೆಯುವ ಭಾಷೆ ಮುಖ್ಯ. "ಚಿತ್ರ 3ಬಿ ಮತ್ತು 5ಎ ಒಂದೇ ಎಂದು ಕಾಣುತ್ತದೆ, ಮೂಲ ಕಡತ ಕೇಳಿದ್ದೇವೆ, ಇನ್ನೂ ಬಂದಿಲ್ಲ" ಅಂತ ಬರೆದರೆ ಅದರಲ್ಲಿ ಯಾರ ಮೇಲೂ ಆರೋಪ ಇಲ್ಲ. ತಪ್ಪು ಯಾರದು ಅನ್ನುವುದು ಸಂಸ್ಥೆ ಹೇಳಲಿ. ಫಲಿತಾಂಶವನ್ನು ನಂಬಬಹುದೇ ಅನ್ನುವುದು ಸಂಪಾದಕರ ಪ್ರಶ್ನೆ. ಉದ್ದೇಶ ಸಾಬೀತಾಗುವ ತನಕ ಕಾಯಬೇಕಿಲ್ಲ, ಪ್ರಾಮಾಣಿಕ ತಪ್ಪಿಗೂ ಪೇಪರ್ ಹಿಂತೆಗೆಯಬಹುದು ಅಂತ ಕೋಪ್ ಕೂಡ ಹೇಳುತ್ತದೆ.

ಬಯಲು_ಗಾಳಿ

ಹೌದು, ಇದು ಸರಿ. ಲ್ಯಾನ್ಸೆಟ್‌ನ 2004–2010ರ ಕಾಯುವಿಕೆಯ ತಪ್ಪು ಅಲ್ಲೇ ಇತ್ತು. ವೈದ್ಯ ವೇಕ್‌ಫೀಲ್ಡ್ ತಪ್ಪಿತಸ್ಥನೇ ಅನ್ನುವ ತೀರ್ಪಿಗೆ ಕಾದರು. ಪೇಪರ್ ನಂಬಲು ಯೋಗ್ಯವೇ ಅನ್ನುವುದಕ್ಕೆ ಆ ತೀರ್ಪು ಬೇಕಿರಲಿಲ್ಲ.

ಧಾರವಾಡ_ಪೇಡೆ

ಕೃತಿಚೌರ್ಯಕ್ಕ ಯುಜಿಸಿ 10% ನಿಯಮ ಅದ ಅಲ್ರೀ, ಅದರಾಗ ಇದೆಲ್ಲಾ ಸಿಗಂಗಿಲ್ಲೇನು?

ಪುಟ_ತಿರುವು

ಸಿಗಲ್ಲ ಸರ್. 2018ರ ನಿಯಮ ನೋಡೋದು ಪದಗಳ ಹೋಲಿಕೆ ಮಾತ್ರ. 10%ವರೆಗೆ ಶಿಕ್ಷೆ ಇಲ್ಲ, 10–40, 40–60, 60ಕ್ಕಿಂತ ಮೇಲೆ ಅಂತ ಮೂರು ಹಂತ. ಡೇಟಾ ಪೂರ್ತಿ ಕಲ್ಪನೆ ಆಗಿದ್ದು ವಾಕ್ಯ ಸ್ವಂತದ್ದಾದರೆ ಹೋಲಿಕೆ 4% ಬರುತ್ತೆ, ಸರ್ಟಿಫಿಕೇಟ್ ಸಿಗುತ್ತೆ. ಪ್ರಾಮಾಣಿಕವಾಗಿ ವಿಧಾನದ ಭಾಗ ಬರೆದವರಿಗೆ 18% ಬಂದು ಒದ್ದಾಡ್ತಾರೆ, ಯಾಕಂದ್ರೆ ಒಂದೇ ಪ್ರಯೋಗವನ್ನ ಬೇರೆ ಬೇರೆ ಥರ ಬರೆಯೋಕಾಗಲ್ಲ. ಸಂಪಾದಕರು ಶೇಕಡಾ ನೋಡಬಾರದು, ವರದಿ ತೆರೆದು ಯಾವ ಭಾಗ ಯಾವ ಮೂಲದಿಂದ ಅಂತ ನೋಡಬೇಕು. ಫಲಿತಾಂಶ-ಚರ್ಚೆ ಭಾಗದಲ್ಲಿ ಒಂದೇ ಮೂಲದಿಂದ 6% ಬಂದರೆ ಅದು ಐವತ್ತು ಮೂಲಗಳ 20%ಗಿಂತ ಅಪಾಯ.

ಶೇಕಡಾ ಇಳಿಸೋಕೆ ಜನ ಪದ ಬದಲಿಸೋ ಸಾಫ್ಟ್‌ವೇರ್ ಹಿಡಿದ್ರು. ಅದರಿಂದಲೇ ಬ್ರೆಸ್ಟ್ ಕ್ಯಾನ್ಸರ್ ಹೋಗಿ 'ಬಾಸಮ್ ಪೆರಿಲ್', ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಹೋಗಿ 'ಕೌಂಟರ್‌ಫೀಟ್ ಕಾನ್ಶಿಯಸ್‌ನೆಸ್' ಆಯ್ತು. ಗಿಯೋಮ್ ಕಬನಾಕ್ ಮತ್ತವರ ಜೊತೆಗಾರರು 2021ರಲ್ಲಿ ಇಂಥ ಪದಗಳನ್ನೇ ಹಿಡಿದು ಪೇಪರ್ ಜರಡಿ ಹಿಡಿಯೋಕೆ ಶುರು ಮಾಡಿದ್ರು.

ಕನ್ನಡ_ಶೋಧ

ಕನ್ನಡ ಸಂಶೋಧನಾ ಪತ್ರಿಕೆಗಳ ಕಷ್ಟ ಇದಕ್ಕಿಂತ ಬೇರೆ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಒಳಗೆ ಇರುವುದು ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ. ಹೋಲಿಕೆ ಸಾಫ್ಟ್‌ವೇರ್ ಸೊನ್ನೆ ತೋರಿಸುತ್ತದೆ, ಲೇಖನ ಶುದ್ಧ ಅಂತ ಅಂದುಕೊಳ್ಳುತ್ತಾರೆ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ, ಕನ್ನಡ ಬಾರದಿದ್ದರೆ ಆ ವರದಿಗೆ ಬೆಲೆ ಇಲ್ಲ. ಯೂನಿಕೋಡಿಗೆ ಪರಿವರ್ತಿಸಿ ಮತ್ತೆ ಹಾಕಬೇಕು. ಆಗಲೂ ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ ಕಳವು ಸಿಗುವುದು ಕಷ್ಟ, ಸ್ಕ್ಯಾನ್ ಆಗದ ಹಳೆಯ ಪ್ರಬಂಧದಿಂದ ಎತ್ತಿದ್ದಂತೂ ಸಿಗುವುದೇ ಇಲ್ಲ. ಅಲ್ಲಿ ವಿಷಯ ಬಲ್ಲ ವಿಮರ್ಶಕರೇ ಗತಿ. ಶಾಸನದ ಲೇಖನವಾದರೆ ಸಂಪುಟ, ಶಾಸನ ಸಂಖ್ಯೆ, ಸಾಲು ಸಂಖ್ಯೆ ಮೂರೂ ಇಲ್ಲದೆ ಒಪ್ಪಲೇಬಾರದು.

ಕಲ್ಲು_ಪದರ

ಭೂವಿಜ್ಞಾನಕ್ಕೂ ಇದೇ ಮಾತು. ಪಂಜಾಬ್ ವಿಶ್ವವಿದ್ಯಾಲಯದ ಒಬ್ಬರು ಹಿಮಾಲಯದಲ್ಲಿ ಸಿಕ್ಕಿದ್ದು ಅಂತ ತೋರಿಸಿದ ಪಳೆಯುಳಿಕೆಗಳಲ್ಲಿ ಮೊರಾಕ್ಕೊದಂಥ ಬೇರೆ ದೇಶದವು ಇವೆ ಅಂತ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ನೇಚರ್‌ನಲ್ಲಿ ಬರೆದರು. ಅದಕ್ಕೆ ಮುಂಚೆ ಎರಡು ದಶಕ ಹಲವು ಜರ್ನಲ್‌ಗಳು ಪ್ರಕಟಿಸಿದ್ದವು. ಸ್ಥಳದ ಹೆಸರು ಅಸ್ಪಷ್ಟ, ಮಾದರಿ ಎಲ್ಲಿ ಇಟ್ಟಿದ್ದಾರೆ ಅಂತ ಇಲ್ಲ. ಅಕ್ಷಾಂಶ-ರೇಖಾಂಶ, ಸಂಗ್ರಹಾಲಯದ ನೋಂದಣಿ ಸಂಖ್ಯೆ ಇಲ್ಲದೆ ತೆಗೆದುಕೊಳ್ಳುವುದಿಲ್ಲ ಅಂತ ಒಬ್ಬ ಸಂಪಾದಕರು ಹಟ ಹಿಡಿದಿದ್ದರೂ ಸಾಕಿತ್ತು.

ಧಾರವಾಡ_ಪೇಡೆ

ನಂಬಬಹುದಾದ ಜರ್ನಲ್‌ಗಳ ಯುಜಿಸಿ ಕೇರ್ ಲಿಸ್ಟ್ ಇತ್ತಲ್ಲ, ಅದನ್ನೂ ತೆಗೆದರು. ಈಗ ಯಾವ ಜರ್ನಲ್ ಖರೆ ಯಾವುದು ಖೊಟ್ಟಿ ಅಂತ ಹುಡುಗರಿಗೆ ಯಾರು ಹೇಳೋರು?

ಬಯಲು_ಗಾಳಿ

2025ರ ಫೆಬ್ರುವರಿಯಲ್ಲಿ ನಿಲ್ಲಿಸಿದ್ದು. ಪಟ್ಟಿಯಿಂದಲೂ ಪೂರ್ತಿ ರಕ್ಷಣೆ ಇರಲಿಲ್ಲ, ಪಟ್ಟಿಯಲ್ಲಿದ್ದ ಜರ್ನಲ್‌ನ ಹೆಸರಲ್ಲೇ ನಕಲಿ ವೆಬ್‌ಸೈಟ್ ತೆರೆದು ದುಡ್ಡು ಕಟ್ಟಿಸಿಕೊಳ್ಳುತ್ತಿದ್ದರು. ಜರ್ನಲ್‌ಗಳ ಗುರುತು ಸಂಖ್ಯೆ ದಾಖಲಿಸುವ ಐಎಸ್‌ಎಸ್‌ಎನ್ ಪೋರ್ಟಲ್‌ಗೆ ಹೋಗಿ, ಅಲ್ಲಿ ದಾಖಲಾದ ವಿಳಾಸವೂ ನಿಮಗೆ ಮೇಲ್ ಬಂದ ವಿಳಾಸವೂ ಒಂದೇನಾ ನೋಡಿ. ಹೈದರಾಬಾದಿನ ಜರ್ನಲ್ ಪ್ರಕಾಶಕ ಒಮಿಕ್ಸ್ ಮೇಲೆ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರ್‌ಗೂ ಮೇಲೆ ಹೊರಿಸಿತಲ್ಲ, ಅಲ್ಲಿದ್ದ ಒಂದು ಆರೋಪ ಏನು ಗೊತ್ತೇ? ಒಪ್ಪಿಗೆ ಕೊಡದ ವಿದ್ವಾಂಸರ ಹೆಸರನ್ನೂ ಸಂಪಾದಕರ ಪಟ್ಟಿಯಲ್ಲಿ ಹಾಕಿದ್ದರು. ಹಾಗಾಗಿ ಮಂಡಳಿಯ ಇಬ್ಬರಿಗೆ ಅವರ ಸಂಸ್ಥೆಯ ಇಮೇಲ್‌ನಲ್ಲಿ ಬರೆದು ಕೇಳಿ.

ದತ್ತಾಂಶ

ದೊಡ್ಡ ಪ್ರಕಾಶಕರೂ ಇದರಿಂದ ಹೊರತಲ್ಲ. ವೈಲಿ ಕೊಂಡುಕೊಂಡ ಹಿಂದಾವಿ 2023 ಒಂದೇ ವರ್ಷ 8,000ಕ್ಕೂ ಹೆಚ್ಚು ಪೇಪರ್ ವಾಪಸ್ ಪಡೆಯಿತು. ಆ ವರ್ಷ ಲೋಕದಲ್ಲೆಲ್ಲ ಸೇರಿ 10,000 ದಾಟಿತ್ತು. ಹೆಚ್ಚಿನವು ವಿಶೇಷ ಸಂಚಿಕೆಯವು: ಅತಿಥಿ ಸಂಪಾದಕರನ್ನು ಕರೆದು ಬೀಗದಕೈ ಕೊಟ್ಟುಬಿಟ್ಟಿದ್ದರು. ಅತಿಥಿ ಸಂಪಾದಕ, ವಿಮರ್ಶಕ, ಲೇಖಕ ಎಲ್ಲ ಒಂದೇ ಜಾಲದವರಾದರೆ ದುಡ್ಡಿಗೆ ನಕಲಿ ಪೇಪರ್ ಮಾಡಿಕೊಡುವ 'ಪೇಪರ್ ಮಿಲ್'ಗೆ ಇನ್ನೇನು ಬೇಕು?

ವಿಮರ್ಶೆಯನ್ನೇ ನಕಲಿ ಮಾಡುವುದು ಹೊಸದಲ್ಲ. 2014ರಲ್ಲಿ ಸೇಜ್ ಒಂದೇ ಜರ್ನಲ್‌ನಿಂದ 60 ಪೇಪರ್, 2017ರಲ್ಲಿ ಸ್ಪ್ರಿಂಗರ್ 'ಟ್ಯೂಮರ್ ಬಯಾಲಜಿ'ಯಿಂದ 107 ಪೇಪರ್ ತೆಗೆದದ್ದು ಇದೇ ಕಾರಣಕ್ಕೆ. ಲೇಖಕರು ಸೂಚಿಸಿದ ವಿಮರ್ಶಕರ ಹೆಸರು ನಿಜವಾದದ್ದು, ಜಿಮೇಲ್ ಮಾತ್ರ ಲೇಖಕರದೇ. ಸಂಸ್ಥೆಯ ಪುಟದಿಂದಲೇ ವಿಳಾಸ ತೆಗೆದುಕೊಳ್ಳಬೇಕು, ಒಂದು ದಿನದೊಳಗೆ ಹೊಗಳಿಕೆಯ ನಾಲ್ಕು ಸಾಲು ಬಂದರೆ ಆ ವಿಮರ್ಶೆಯನ್ನು ಲೆಕ್ಕಕ್ಕೆ ಇಡಬಾರದು. ಒಪ್ಪಿಗೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಇಬ್ಬರು ಹೊಸ ಲೇಖಕರು ಸೇರಿದರೆ ಅಲ್ಲೇ ತಡೆಯಬೇಕು, ಹೆಸರು ಮಾರಾಟವಾಗುವುದು ಆ ಹಂತದಲ್ಲೇ.

ಗಿರಿಜಾ_ಬಯೋ

ಎಐ ಬಂದ ಮೇಲೆ ಇನ್ನೂ ಕಷ್ಟ. 2024ರ ಫೆಬ್ರುವರಿಯಲ್ಲಿ ಫ್ರಾಂಟಿಯರ್ಸ್ ಜರ್ನಲ್‌ನಲ್ಲಿ ಬಂದ ಒಂದು ಇಲಿಯ ಚಿತ್ರ, ಮಿಡ್‌ಜರ್ನಿ ಎಂಬ ಎಐಯಲ್ಲಿ ಮಾಡಿದ್ದು ಅಂತ ಲೇಖಕರೇ ಬರೆದಿದ್ದರು. ಚಿತ್ರದೊಳಗಿನ ಪದಗಳಿಗೆ ಅರ್ಥವೇ ಇರಲಿಲ್ಲ. ವಿಮರ್ಶೆ ದಾಟಿ ಪ್ರಕಟವಾಯಿತು, ಮೂರೇ ದಿನದಲ್ಲಿ ವಾಪಸ್. ಬೇಗ ತೆಗೆದರು, ಸರಿ. ಒಳಗೆ ಹೇಗೆ ಬಂತು ಅನ್ನುವುದಕ್ಕೆ ಆ ವೇಗ ಉತ್ತರವಲ್ಲ.

ಪುಟ_ತಿರುವು

ವಾಪಸ್ ತೆಗೆದ ಮೇಲೂ ಜನ ಉಲ್ಲೇಖ ಮಾಡ್ತಾನೇ ಇರ್ತಾರಲ್ಲ, ಅದಕ್ಕೇನು ಮಾಡೋದು?

ಮಲೆನಾಡ_ಮಳೆ

ಮೂಲ ಪುಟ ಅಳಿಸಬಾರದು, ಪ್ರತಿ ಪಿಡಿಎಫ್ ಪುಟದ ಮೇಲೂ ದಪ್ಪಕ್ಷರದಲ್ಲಿ ಹಿಂತೆಗೆಯಲಾಗಿದೆ ಅಂತ ಮುದ್ರೆ ಇರಬೇಕು, ಶೀರ್ಷಿಕೆಯ ಮೊದಲ ಪದವೇ ಅದಾಗಬೇಕು. ಸೂಚನೆಗೆ ಹಣ ಕೇಳಬಾರದು. ಯಾರು ತೆಗೆದರು, ಯಾಕೆ, ಯಾವ ಭಾಗ ತಪ್ಪು ಅಂತ ಬಿಡಿಸಿ ಬರೆಯಬೇಕು. "ಲೇಖಕರ ಕೋರಿಕೆಯ ಮೇರೆಗೆ" ಅಂತ ಒಂದೇ ಸಾಲು ಬರೆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ. ಪೇಪರ್‌ಗಳ ವಿವರ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆಗೂ ಅದೇ ದಿನ ಮಾಹಿತಿ ಹೋಗಬೇಕು. ಹಿಂತೆಗೆದ ಪೇಪರ್‌ಗಳ ರಿಟ್ರಾಕ್ಷನ್ ವಾಚ್‌ ಪಟ್ಟಿ 2023ರಿಂದ ಕ್ರಾಸ್‌ರೆಫ್ ಕೈಯಲ್ಲಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಉಲ್ಲೇಖಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶ ಬಳಸುವವರಿಗೆ ನಿಮ್ಮ ಸಂಗ್ರಹದಲ್ಲಿರುವ ಪೇಪರ್ ವಾಪಸ್ ಆಗಿದ್ದರೆ ಕೆಂಪು ಪಟ್ಟಿ ತಾನಾಗಿ ಬರುತ್ತದೆ.

ಕರಡು_ತಿದ್ದು

ಒಪ್ಪಿಗೆಯಾದ ಪ್ರತಿ ಪೇಪರಿನ ಉಲ್ಲೇಖಪಟ್ಟಿಯನ್ನೂ ಆ ಪಟ್ಟಿಯ ಜೊತೆ ಡಿಒಐ (ಪ್ರತಿ ಪೇಪರಿನ ಗುರುತು ಸಂಖ್ಯೆ) ಹಿಡಿದು ತಾಳೆ ನೋಡುವುದು ಸಣ್ಣ ಜರ್ನಲ್‌ಗೂ ಆಗುವ ಕೆಲಸವಾ? ಸಿಬ್ಬಂದಿ ಇಬ್ಬರೇ ಇರುವ ಕಡೆ?

ದತ್ತಾಂಶ

ಆಗುತ್ತೆ. ಪಟ್ಟಿ ಸಿಎಸ್‌ವಿ ಕಡತ. ಉಲ್ಲೇಖಗಳ ಡಿಒಐಗಳನ್ನು ಒಂದು ಕಾಲಮ್ಮಿಗೆ ಹಾಕಿ ಎಕ್ಸೆಲ್‌ನ ವಿಲುಕಪ್ ಸೂತ್ರ ಕೊಟ್ಟರೆ ಮುಗಿಯಿತು. ಡಿಒಐ ಮುಂದೆ ಅಂಟಿರುವ ವೆಬ್ ವಿಳಾಸದ ಭಾಗ ತೆಗೆಯಿರಿ, ಇಲ್ಲದಿದ್ದರೆ ಹೊಂದುವುದಿಲ್ಲ. ತಿಂಗಳಿಗೊಮ್ಮೆ ಹೊಸ ಪಟ್ಟಿ ಇಳಿಸಿಕೊಳ್ಳಿ.